ಸೊಂಟದ ಬೀಗದ ಕೈ

ನಮ್ಮ ಅತ್ತೆಯವರ ಸೊಂಟದಲ್ಲಿ ಸದಾ ಒಂದು ಬೀಗದ ಕೈ ಗೊಂಚಲು ಇರುತ್ತಿತ್ತು. ಬೀರುವಿನದೊಂದು, ಉಗ್ರಾಣದ್ದೊಂದು, ತುಪ್ಪ ಬೆಲ್ಲ ಇಡುವ ಗೂಡಿನದೊಂದು, ಜೊತೆಗೆ ಒಂದು ಪುಟ್ಟ ಹಿತ್ತಾಳೆ ಕೈ. ಆ ಪುಟ್ಟದು ಯಾವ ಬೀಗದ್ದು ಎಂದು ಯಾರೂ ಅವರನ್ನು ಕೇಳಿದ್ದು ನಾನು ನೋಡಿಲ್ಲ. ಮಾವನವರೂ ಕೇಳಿದವರಲ್ಲ. ಮನೆಯ ಯಜಮಾನಿ ಎಂದ ಮೇಲೆ ಸೊಂಟದಲ್ಲಿ ಬೀಗದ ಕೈ ಇರಬೇಕು, ಇರುತ್ತದೆ, ಅಷ್ಟೇ. ಅದು ಅವರ ಗೌರವದ ಗುರುತಾಗಿತ್ತೇ ಹೊರತು ಗುಮಾನಿಯ ಗುರುತಾಗಿರಲಿಲ್ಲ.

ಅದೇ ಮನೆಯಲ್ಲಿ, 2003ರಲ್ಲಿ, ನಾನು ಕಂಪ್ಯೂಟರಿನ ಒಂದು ಫೈಲಿಗೆ ಬೀಗ ಹಾಕಿದೆ. ಅಂದು ಸಂಜೆಯೊಳಗೆ ಮನೆಯ ಅಷ್ಟೂ ಜನ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಅದರೊಳಗೆ ಏನಿದೆ?"

ಈ ಹಳೆಯ ಕಥೆಯನ್ನು ಈಗ ಎತ್ತಲು ಕಾರಣವಿದೆ. ಕಳೆದ ವರ್ಷ ನಮ್ಮ ಬಡಾವಣೆಯ ಮಹಿಳಾ ಸಮಾಜದ ವಾರ್ಷಿಕೋತ್ಸವಕ್ಕೆ ಭಾಷಣಕ್ಕೆ ಬಂದಿದ್ದ ಮಹನೀಯರೊಬ್ಬರು, "ಒಳ್ಳೆಯ ಸಂಸಾರದಲ್ಲಿ ಪಾಸ್‌ವರ್ಡ್ ಎನ್ನುವುದೇ ಇರಬಾರದು. ಮುಚ್ಚಿಡುವಂಥದ್ದು ಇದ್ದವರಿಗೆ ಮಾತ್ರ ಬೀಗ ಬೇಕು" ಎಂದರು. ಸಭೆ ಚಪ್ಪಾಳೆ ತಟ್ಟಿತು. ಪಕ್ಕದವರೆಲ್ಲ ತಟ್ಟಿದರೆಂದು ನಾನೂ ತಟ್ಟಿಬಿಟ್ಟೆ. ಮನೆಗೆ ಬಂದು ಕಾಲು ತೊಳೆಯುವಾಗ ನಾಚಿಕೆಯಾಯಿತು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಫೈಲುಗಳಿಗೆ ಬೀಗ ಮಾಡುವುದನ್ನೇ ಹವ್ಯಾಸ ಮಾಡಿಕೊಂಡವಳು ನಾನು. ನಾನೇ ಆ ಮಾತಿಗೆ ಕೈ ತಟ್ಟಿದರೆ ಹೇಗೆ? ಅಲ್ಲಿ ಎದ್ದು ನಿಂತು ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹವ್ಯಾಸದ ವಿಷಯ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವಳು. 2000ದಲ್ಲಿ, ನನ್ನ 42ನೇ ವಯಸ್ಸಿನಲ್ಲಿ, ಹಾಸನದ ನಮ್ಮ ಮನೆಯ ಹತ್ತಿರವೇ ಶುರುವಾದ ಒಂದು ಕಂಪ್ಯೂಟರ್ ಕ್ಲಾಸಿಗೆ ಸೇರಿಕೊಂಡೆ. ಜೊತೆಯಲ್ಲಿದ್ದವರೆಲ್ಲ ಪಿಯುಸಿ ಮುಗಿಸಿದ ಮಕ್ಕಳು. ನನ್ನನ್ನು ಕಂಡಾಗ ಎದ್ದು ನಿಲ್ಲುತ್ತಿದ್ದರು. ಅಲ್ಲಿ ವಿಷುಯಲ್ ಬೇಸಿಕ್ ಕಲಿತೆ. ಒಂದು ಕಿಟಕಿ ಬಿಡಿಸಿ, ಅದರಲ್ಲೊಂದು ಗುಂಡಿ ಇಟ್ಟು, ಗುಂಡಿ ಒತ್ತಿದರೆ ಏನಾಗಬೇಕೆಂದು ನಾಲ್ಕು ಸಾಲು ಬರೆದರೆ ಅದು ಹಾಗೇ ಆಗುತ್ತಿತ್ತು! ಮನೆಯಲ್ಲಿ ನಾನು ಹೇಳಿದ್ದು ಹೇಳಿದ ಹಾಗೇ ಆಗುವುದು ಅಪರೂಪವಾಗಿದ್ದ ಕಾಲ ಅದು. ಆ ಸಂತೋಷ ನಿಮಗೆ ಅರ್ಥವಾಗುತ್ತದೆ ಎಂದುಕೊಳ್ಳುತ್ತೇನೆ.

ನಾನು ಕ್ರೋಷಾ ಹಾಕಿದ್ದರೆ, ಬಾಗಿಲಿಗೆ ಮಣಿ ತೋರಣ ಮಾಡಿದ್ದರೆ, ಬಂದವರೆಲ್ಲ "ಎಷ್ಟು ಚೆನ್ನಾಗಿದೆ" ಎನ್ನುತ್ತಿದ್ದರು. ಪ್ರೋಗ್ರಾಮ್ ಬರೆದಾಗ ಮಾತ್ರ "ಇದರಿಂದ ಏನಾದರೂ ಬರುತ್ತಾ?" ಎಂದು ಕೇಳಿದರು. ಹೆಂಗಸರ ಹವ್ಯಾಸ ಎಂದರೆ ಮನೆಯನ್ನು ಅಲಂಕರಿಸಬೇಕು, ಇಲ್ಲವೇ ನಾಲ್ಕು ಕಾಸು ತರಬೇಕು. ಬರೀ ತಲೆಗೆ ಕೆಲಸ ಕೊಟ್ಟು ಸಂತೋಷಪಡುವ ಹವ್ಯಾಸ ಗಂಡಸರದು. ಅವರು ಭಾನುವಾರವಿಡೀ ಸ್ಕೂಟರ್ ಬಿಚ್ಚಿ ಹರಡಿಕೊಂಡು ಕೂತರೆ ನಾವು ಅಲ್ಲಿಗೇ ಕಾಫಿ ತಂದು ಕೊಡುತ್ತೇವೆ. ಇರಲಿ.

ಮನೆಗೆ ಕಂಪ್ಯೂಟರ್ ಬಂತು. ಎಲ್ಲರಿಗೂ ಬೇಕೆಂದು ಹಜಾರದಲ್ಲೇ ಇಟ್ಟರು. ರಾತ್ರಿ ಎಲ್ಲರ ಊಟವಾಗಿ ಪಾತ್ರೆ ತೊಳೆದಿಟ್ಟ ಮೇಲೆ ಅರ್ಧ ಗಂಟೆ ಅದು ನನ್ನದಾಗುತ್ತಿತ್ತು. ಆ ಅರ್ಧ ಗಂಟೆಯಲ್ಲಿ ನಾನು ತೀರಿಹೋದ ನನ್ನ ಅಮ್ಮನಿಗೆ ಕಾಗದ ಬರೆಯುತ್ತಿದ್ದೆ. ಕಳುಹಿಸುವ ವಿಳಾಸವಿಲ್ಲದ ಕಾಗದ. ಅತ್ತೆಯವರು ಹಾಸಿಗೆ ಹಿಡಿದಿದ್ದ ವರ್ಷ ಅದು. ಅವರ ಸೇವೆ ಮಾಡುವಾಗ ಬರುವ ಬೇಸರ, ಆ ಬೇಸರಕ್ಕೆ ಆಗುವ ನಾಚಿಕೆ, ಬೆನ್ನುನೋವು, ಶಾಲೆಯಲ್ಲಿ ನಿಂತಲ್ಲೇ ಬರುತ್ತಿದ್ದ ನಿದ್ದೆ, ಎಲ್ಲವನ್ನೂ ಬರೆದೆ. ಬೇರೆ ಯಾರಿಗೆ ಹೇಳಲಿ?

ಆ ವರ್ಷದ ಗೌರಿ ಹಬ್ಬದ ದಿನ, ಹೋಳಿಗೆ ಊಟವಾಗಿ ಎಲ್ಲರೂ ಹಜಾರದಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ, ನನ್ನ ಮೈದುನ ಆ ಫೈಲು ತೆರೆದ. "ಅತ್ತಿಗೆ ಕಾದಂಬರಿ ಬರೀತಿದಾರೆ, ಕೇಳಿ" ಎಂದು ಗಟ್ಟಿಯಾಗಿ ಓದತೊಡಗಿದ. ಅವನದು ಕೆಟ್ಟ ಮನಸ್ಸಲ್ಲ, ತಮಾಷೆಯ ಸ್ವಭಾವ. ನಾನು ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬರುವಷ್ಟರಲ್ಲಿ ಅರ್ಧ ಪುಟ ಓದಿಯಾಗಿತ್ತು. ಯಾರೋ ನಕ್ಕರು, ಯಾರೋ ಸುಮ್ಮನಾದರು. ನಡುಮನೆಯಲ್ಲಿ ಮಲಗಿದ್ದ ಅತ್ತೆಯವರಿಗೆ ಎಷ್ಟು ಕೇಳಿಸಿತೋ ನನಗೆ ಇಂದಿಗೂ ತಿಳಿಯದು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಮುಂದಿನ ಸಂಕ್ರಾಂತಿಗೆ ಅವರಿರಲಿಲ್ಲ.

ಆ ಕಾಗದದಲ್ಲಿ ಸುಳ್ಳಿರಲಿಲ್ಲ, ಕಳ್ಳತನವಿರಲಿಲ್ಲ. ಆದರೂ ಅದು ಬೀಗದೊಳಗೆ ಇರಬೇಕಾಗಿತ್ತು. ತಪ್ಪು ಮಾಡಿದವರಿಗೆ ಮಾತ್ರ ಬೀಗ ಬೇಕು ಎನ್ನುವವರಿಗೆ ನನ್ನ ಮೊದಲ ಉತ್ತರ ಇದು. ಅಂದು ಫೈಲಿಗೆ ಬೀಗವಿದ್ದಿದ್ದರೆ, ಸಾಯಲಿದ್ದ ಒಬ್ಬ ಮುದುಕಿಗೆ ಆ ಮಾತು ಕೇಳಿಸುತ್ತಿರಲಿಲ್ಲ. ಎಲ್ಲ ಗುಟ್ಟೂ ಇಟ್ಟುಕೊಂಡವರ ರಕ್ಷಣೆಗಷ್ಟೇ ಇರುವುದಿಲ್ಲ. ಎಷ್ಟೋ ಗುಟ್ಟುಗಳು ಇನ್ನೊಬ್ಬರನ್ನು ನೋಯಿಸದಿರಲೆಂದು ಇರುತ್ತವೆ.

ಎರಡನೆಯ ಉತ್ತರಕ್ಕೆ ನಿಮ್ಮ ಅಡುಗೆಮನೆಗೇ ಹೋಗಿ. ನಮ್ಮ ಅಜ್ಜಿಯರು ಸಾಸಿವೆ ಡಬ್ಬಿಯಲ್ಲಿ, ಬೇಳೆ ಡಬ್ಬಿಯಲ್ಲಿ, ಹಾಸಿಗೆಯ ಕೆಳಗೆ ಇಟ್ಟ ದುಡ್ಡು ಯಾವ ಕಳ್ಳತನದ್ದು? ಮಗಳ ಪರೀಕ್ಷೆ ಫೀಸು, ತಮ್ಮನ ಆಸ್ಪತ್ರೆ ಖರ್ಚು, ಹೇಳದೆ ಕೇಳದೆ ಬಂದ ಕಷ್ಟ, ಎಲ್ಲದಕ್ಕೂ ಆಗಿಬಂದದ್ದು ಅದೇ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟು ರದ್ದಾದಾಗ ಎಷ್ಟು ಡಬ್ಬಿಗಳ ಮುಚ್ಚಳ ಗಂಡಂದಿರ ಎದುರಿಗೇ ತೆರೆಯಬೇಕಾಯಿತು, ನೆನಪಿದೆಯೇ? ಕೆಲವು ಮನೆಗಳಲ್ಲಿ ನಗೆಯಾಯಿತು, ಕೆಲವು ಮನೆಗಳಲ್ಲಿ ರಂಪವಾಯಿತು. ನನ್ನ ಗೆಳತಿಯೊಬ್ಬಳು, "ದುಡ್ಡು ಹೋದರೆ ಹೋಗಲಿ, ಅದು ಇದೆ ಅನ್ನೋದು ಅವರಿಗೆ ಗೊತ್ತಾಯ್ತಲ್ಲ" ಎಂದು ಅತ್ತಳು. ಅವಳು ಅತ್ತದ್ದು ದುರಾಸೆಯಿಂದಲ್ಲ. ಈ ಪ್ರಪಂಚದಲ್ಲಿ ಅವಳದೇ ಎನ್ನುವ ಒಂದು ಡಬ್ಬಿ ಇತ್ತು, ಅದು ಹೋಯಿತು.

ಇಂದು ಆ ಡಬ್ಬಿಗಳು ಕಂಪ್ಯೂಟರಿನೊಳಗೆ, ಫೋನಿನೊಳಗೆ ಬಂದು ಕೂತಿವೆ. ಆಧಾರ್ ಕಾರ್ಡಿನ ಚಿತ್ರ, ಬ್ಯಾಂಕಿನ ಲೆಕ್ಕ, ತವರಿನ ಆಸ್ತಿಪತ್ರದ ಪ್ರತಿ, ಡಾಕ್ಟರು ಬರೆದ ವರದಿ, ಬರೆದು ಯಾರಿಗೂ ತೋರಿಸದ ಕವಿತೆ. ಇವನ್ನು ನೋಡಬಲ್ಲವರು ಮನೆಯವರಷ್ಟೇ ಅಲ್ಲ. ರಿಪೇರಿಗೆಂದು ಅಂಗಡಿಗೆ ಕೊಟ್ಟರೆ ಅಂಗಡಿಯ ಹುಡುಗ ನೋಡಬಲ್ಲ, ಹಳೆಯದೆಂದು ಮಾರಿದರೆ ಕೊಂಡವನು ನೋಡಬಲ್ಲ. "ಆನ್ ಮಾಡುವಾಗ ಪಾಸ್‌ವರ್ಡ್ ಕೇಳುತ್ತದಲ್ಲ" ಎಂದು ನೀವು ಧೈರ್ಯವಾಗಿರಬಹುದು. ಡಿಸ್ಕಿಗೇ ಗೂಢಲಿಪಿಯ ರಕ್ಷಣೆ ಇಲ್ಲದಿದ್ದರೆ ಆ ಪಾಸ್‌ವರ್ಡ್ ಬರೀ ಹೊಸಿಲಿನ ರಂಗೋಲಿ. ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿದರೆ ಒಳಗಿನದೆಲ್ಲ ಕಾಣುತ್ತದೆ. ಇನ್ನು "ಅಳಿಸಿಬಿಟ್ಟಿದ್ದೇನೆ" ಎನ್ನುವಿರಾ? ಫೈಲನ್ನು ಕಸದಬುಟ್ಟಿಗೆ ಹಾಕಿ ಬುಟ್ಟಿಯನ್ನು ಖಾಲಿ ಮಾಡಿದರೂ ಸಾಮಾನ್ಯವಾಗಿ ಅಳಿಯುವುದು ಅದರ ವಿಳಾಸ ಮಾತ್ರ. ಆ ಜಾಗದ ಮೇಲೆ ಬೇರೆ ಏನಾದರೂ ಬರೆಯುವ ತನಕ ಹಳೆಯದು ಅಲ್ಲೇ ಉಳಿದಿರಬಹುದು.

ಮೂರನೆಯ ಉತ್ತರ ಕಾನೂನಿನದು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಖಾಸಗಿತನದ ಹೆಸರಿನಲ್ಲಿ ಮನೆಯೊಳಗಿನ ಹೆಣ್ಣಿನ ಮೇಲಿನ ಅನ್ಯಾಯವನ್ನು ಮುಚ್ಚಿಡಲಾಗದು ಎಂಬ ಎಚ್ಚರಿಕೆಯೂ ಆ ತೀರ್ಪಿನಲ್ಲಿದೆ. ಎರಡನ್ನೂ ಒಟ್ಟಿಗೆ ಓದಬೇಕು. ಖಾಸಗಿತನ ಮನೆತನಕ್ಕೆ ಸೇರಿದ್ದಲ್ಲ, ಮನೆಯೊಳಗಿರುವ ಒಬ್ಬೊಬ್ಬ ಮನುಷ್ಯರಿಗೆ ಸೇರಿದ್ದು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಸರ್ಕಾರದವರೂ ಆಗಾಗ ನಮ್ಮ ಭಾಷಣಕಾರರ ಹಾಗೆ ಯೋಚಿಸುವುದುಂಟು. 2015ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಗೂಢಲಿಪಿ ನೀತಿಯ ಕರಡಿನಲ್ಲಿ, ಬೀಗ ಹಾಕಿ ಕಳುಹಿಸಿದ ಮಾತಿನ ಬಿಚ್ಚು ಪ್ರತಿಯನ್ನು ನಾಗರಿಕರು 90 ದಿನ ಇಟ್ಟುಕೊಂಡಿರಬೇಕು ಎಂದಿತ್ತು. ಬೀಗ ಹಾಕಿ, ಆದರೆ ಬಾಗಿಲು ತೆಗೆದಿಡಿ ಎಂದ ಹಾಗೆ! ಜನ ಗಲಾಟೆ ಮಾಡಿದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಂಡರು.

ಇಷ್ಟು ಬೀಗ ಬೇಡವೆನ್ನುವವರಿಗೆ. ಈಗ ಬೀಗ ಮಾಡುವವರಿಗೆ, ಎಂದರೆ ನನ್ನಂಥವರಿಗೆ, ಎರಡು ಮಾತು ಹೇಳದಿದ್ದರೆ ನ್ಯಾಯವಾಗುವುದಿಲ್ಲ.

ಗೌರಿ ಹಬ್ಬದ ಮರುವಾರವೇ ನಾನು ನನ್ನದೇ ಆದ ಬೀಗದ ಪ್ರೋಗ್ರಾಮ್ ಬರೆದೆ. ಅದಕ್ಕೂ ಮುಂಚೆ ನನಗೆ ಗೊತ್ತಿದ್ದ ಉಪಾಯ ಒಂದೇ, ಫೈಲನ್ನು ಮರೆಮಾಡುವುದು. ವಿಂಡೋಸ್‌ನಲ್ಲಿ ಒಂದು ಗುರುತು ಹಾಕಿದರೆ ಫೈಲು ಪಟ್ಟಿಯಲ್ಲಿ ಕಾಣುವುದಿಲ್ಲ. ಮರೆಯಾದವನ್ನೂ ತೋರಿಸು ಎಂದು ಇನ್ನೊಂದು ಗುರುತು ಹಾಕಿದರೆ ಕಾಣುತ್ತದೆ. ಕಣ್ಣು ಮುಚ್ಚಿಕೊಂಡ ಮಗು ತಾನು ಯಾರಿಗೂ ಕಾಣುವುದಿಲ್ಲ ಎಂದುಕೊಂಡ ಹಾಗೆ. ಕನ್ನಡದ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನಮ್ಮ ಹಳೆಯ ಕನ್ನಡ ಫೈಲು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತಿದ್ದವಲ್ಲ, ಅದನ್ನೂ ಬೀಗ ಎಂದುಕೊಂಡವರಿದ್ದರು. ಫಾಂಟ್ ಇದ್ದವರೆಲ್ಲ ಓದುತ್ತಾರೆ. ಚಿಕ್ಕಂದಿನಲ್ಲಿ ನಾವು ಹುಡುಗಿಯರು ಆಡುತ್ತಿದ್ದ 'ಕ' ಭಾಷೆಯ ಕಥೆಯೂ ಇದೇ ಅಲ್ಲವೇ? ಗುಟ್ಟು ಒಬ್ಬಳಿಗೆ ತಿಳಿದರೆ ಬೀದಿಗೆಲ್ಲ ತಿಳಿಯಿತು.

ನನ್ನ ಪ್ರೋಗ್ರಾಮ್ ಹೀಗಿತ್ತು. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಫೈಲಿನ ಒಂದೊಂದು ಸಂಖ್ಯೆಗೆ ಪಾಸ್‌ವರ್ಡಿನ ಒಂದೊಂದು ಅಕ್ಷರದ ಸಂಖ್ಯೆಯನ್ನು ಬೆರೆಸುತ್ತಾ ಹೋಗುವುದು. ಪಾಸ್‌ವರ್ಡ್ ಮುಗಿದರೆ ಮತ್ತೆ ಮೊದಲಿನಿಂದ. ಈ ಬೆರಕೆಗೆ ಎಕ್ಸಾರ್ ಎನ್ನುತ್ತಾರೆ. ಅದರ ಸೊಗಸೆಂದರೆ, ಅದೇ ಪಾಸ್‌ವರ್ಡನ್ನು ಇನ್ನೊಮ್ಮೆ ಬೆರೆಸಿದರೆ ಮೊದಲಿನ ಫೈಲೇ ವಾಪಸು ಬರುತ್ತದೆ. ಬೀಗಕ್ಕೂ ಕೈಗೂ ಒಂದೇ ನಾಲ್ಕು ಸಾಲು. ಲಾಕ್ ಮಾಡಿದ ಫೈಲು ತೆರೆದು ನೋಡಿದೆ. ಬರೀ ಗೀಚು. ಹಿಗ್ಗಿದೆ. ನನ್ನವರು ಬಂದು, "ನನ್ನಿಂದ್ಲೂ ಮುಚ್ಚಿಡೋ ಅಂಥದ್ದೇನಿದೆ ನಿಂಗೆ?" ಎಂದರು. ಬಾಯಿಗೆ ಬಂದ ಉತ್ತರ ನುಂಗಿಕೊಂಡು, "ಏನೂ ಇಲ್ಲ" ಎಂದೆ. ಅದು ನಾನು ಆಡಬಾರದಿದ್ದ ಮಾತು.

ಬೇಸಿಗೆ ರಜೆಗೆ ಬಂದ ನನ್ನ ಓರಗಿತ್ತಿಯ ಮಗ, ಆಗ ಇಂಜಿನಿಯರಿಂಗ್ ಓದುತ್ತಿದ್ದವನು, "ಎಲ್ಲಿ ದೊಡ್ಡಮ್ಮ, ನಿಮ್ಮ ಬೀಗ ನೋಡೋಣ" ಎಂದ. ಲಾಕ್ ಮಾಡಿದ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದ. ಮೇಲಿಂದ ಕೆಳಗೆ ಸರಿಸುತ್ತಾ ಹೋದ. ಐದು ನಿಮಿಷವೂ ಆಗಿರಲಿಲ್ಲ. "ದೊಡ್ಡಮ್ಮ, ಈ ಹೆಸರು ಯಾರದು?" ಎಂದು ಕೇಳಿದ.

ಗೀಚುಗಳ ನಡುವೆ ಒಂದು ಹೆಸರು ಸಾಲುಸಾಲಾಗಿ ಅಚ್ಚಾಗಿತ್ತು. ಹತ್ತು ಸಲ, ನೂರು ಸಲ. ಅದು ನನ್ನ ಪಾಸ್‌ವರ್ಡ್. ಆ ಹುಡುಗನಿಗೆ ಅದು ಯಾರದೆಂದು ತಿಳಿಯದಿದ್ದುದು ಸಹಜ. ಧಾರೆಯ ದಿನ ನನ್ನ ಹೆಸರು ಬದಲಾಯಿಸಿದರು. ಈ ಮನೆಯಲ್ಲಿ ಆ ಹಳೆಯ ಹೆಸರನ್ನು ಕೂಗಿದವರಿಲ್ಲ. ಯಾರೂ ಊಹಿಸಲಾರರೆಂದು ಅದನ್ನೇ ಇಟ್ಟಿದ್ದೆ. ಆದದ್ದು ಇಷ್ಟು. ಆ ಕಾಲದ ವರ್ಡ್ ಫೈಲುಗಳಲ್ಲಿ ಅಲ್ಲಲ್ಲಿ ಬರೀ ಸೊನ್ನೆಗಳ ಉದ್ದುದ್ದ ಸಾಲುಗಳಿರುತ್ತವೆ. ಸೊನ್ನೆಗೆ ಏನನ್ನು ಎಕ್ಸಾರ್ ಮಾಡಿದರೂ ಉಳಿಯುವುದು ಅದೇ. ಗಣಿತದ ಮೇಷ್ಟರಮ್ಮನಿಗೆ ಇಷ್ಟು ಹೊಳೆಯಬೇಡವೇ! ಬೀಗದ ಕೈಯನ್ನು ಬೀಗದ ಮೇಲೆಯೇ ನೂರು ಸಲ ಬರೆದಿಟ್ಟಿದ್ದೆ.

"ಒಳಗಿರೋದನ್ನ ನಾನು ಓದಲಿಲ್ಲ ದೊಡ್ಡಮ್ಮ" ಎಂದ ಹುಡುಗ, ಫೈಲು ಮುಚ್ಚುತ್ತಾ. ಆ ಒಂದು ಮಾತಿಗೆ ನಾನು ಇಂದಿಗೂ ಅವನಿಗೆ ಋಣಿ.

ಇಷ್ಟಕ್ಕೇ ನಿಂತಿದ್ದರೆ ನನ್ನ ದಡ್ಡತನ ನನ್ನ ಮನೆಯಲ್ಲೇ ಉಳಿಯುತ್ತಿತ್ತು. ಆದರೆ ಅಷ್ಟರಲ್ಲಿ ನಾನು ಹೆಮ್ಮೆಯಿಂದ ಆ ಪ್ರೋಗ್ರಾಮನ್ನು ಫ್ಲಾಪಿಯಲ್ಲಿ ಹಾಕಿ ನಾಲ್ವರು ಗೆಳತಿಯರಿಗೆ ಕೊಟ್ಟಿದ್ದೆ. ಅವರಲ್ಲೊಬ್ಬರು ಚೀಟಿ ನಡೆಸುತ್ತಿದ್ದರು. ಇಪ್ಪತ್ತು ಜನರ ಲೆಕ್ಕ ಒಂದು ಫೈಲಿನಲ್ಲಿತ್ತು. ಒಂದು ಸಂಜೆ ಅವರು ಲಾಕ್ ಗುಂಡಿ ಒತ್ತಿದ್ದಾರೆ, ಅದೇ ಗಳಿಗೆಗೆ ಕರೆಂಟು ಹೋಗಿದೆ. ನನ್ನ ಪ್ರೋಗ್ರಾಮ್ ಹಳೆಯ ಫೈಲಿನ ಮೇಲೆಯೇ ಬರೆಯುತ್ತಿತ್ತು. ಅರ್ಧ ಲಾಕ್ ಆಗಿ, ಅರ್ಧ ಆಗದೆ, ಫೈಲು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತಾಯಿತು. ಲೋಡ್ ಶೆಡ್ಡಿಂಗಿನ ಊರಿನಲ್ಲಿ ಹುಟ್ಟಿ ಬೆಳೆದವಳು ನಾನು; ಕರೆಂಟು ಹೋಗಬಹುದೆಂದು ನನಗೇ ಹೊಳೆಯಲಿಲ್ಲ ಎಂದರೆ ಯಾರನ್ನು ದೂರಲಿ? ರಸೀತಿಗಳನ್ನೆಲ್ಲ ಹುಡುಕಿ ಇಬ್ಬರೂ ಕೂತು ಲೆಕ್ಕ ಮತ್ತೆ ಬರೆಯಲು ಒಂಬತ್ತು ರಾತ್ರಿ ಹಿಡಿಯಿತು. ಎರಡು ಕಂತಿನ ದುಡ್ಡಿಗೆ ಲೆಕ್ಕ ಸಿಗದೆ ಅವರು ಕೈಯಿಂದ ಕಟ್ಟಿಕೊಟ್ಟರು. ನಾನು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಆಮೇಲೂ ಸಿಕ್ಕಾಗ ಮಾತಾಡುತ್ತಿದ್ದರು. ಆದರೆ ಕಂಪ್ಯೂಟರಿನ ಮಾತು ಮಾತ್ರ ಎತ್ತಲಿಲ್ಲ.

ಆದ್ದರಿಂದ "ನನ್ನದೇ ಗುಪ್ತ ವಿಧಾನದ ಬೀಗ, ಯಾರೂ ಮುರಿಯಲಾರರು" ಎಂದು ಯಾರಾದರೂ ಪ್ರೋಗ್ರಾಮ್ ಕೈಗಿಟ್ಟರೆ ನಂಬಬೇಡಿ. ಕೊಡುವವರು ಗಂಡಸಾಗಲಿ, ಹೆಂಗಸಾಗಲಿ, ನಾನೇ ಆಗಲಿ. 1883ರಲ್ಲಿಯೇ ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬ ವಿದ್ವಾಂಸರು ಇದನ್ನು ಹೇಳಿದ್ದಾರೆ: ಬೀಗದ ರಚನೆ ಶತ್ರುವಿನ ಕೈಗೆ ಸಿಕ್ಕರೂ ತೊಂದರೆಯಾಗಬಾರದು, ಗುಟ್ಟಾಗಿರಬೇಕಾದ್ದು ಕೈ ಮಾತ್ರ. ಅತ್ತೆಯವರ ಬೀರು ಹೇಗೆ ಕೆಲಸ ಮಾಡುತ್ತದೆಂದು ಊರಿಗೆಲ್ಲ ಗೊತ್ತು. ಆದರೂ ಅದು ತೆರೆಯುವುದು ಅವರ ಸೊಂಟದ ಕೈಗೆ ಮಾತ್ರ.

ದೊಡ್ಡವರೂ ಈ ಪಾಠವನ್ನು ಎಡವಿಯೇ ಕಲಿತದ್ದು. ಅಮೆರಿಕದ ಫಿಲ್ ಝಿಮ್ಮರ್‌ಮನ್ ಎಂಬುವರು 1991ರಲ್ಲಿ ಸಾಮಾನ್ಯ ಜನರಿಗೆಂದು ಪಿಜಿಪಿ ಎಂಬ ಗೂಢಲಿಪಿ ಪ್ರೋಗ್ರಾಮ್ ಬರೆದು ಉಚಿತವಾಗಿ ಹಂಚಿದರು. ಅದರಲ್ಲಿ ಮೊದಲು ಅವರು ಬಳಸಿದ್ದು ತಾವೇ ಕಟ್ಟಿದ ವಿಧಾನವನ್ನು. ಅದೇ ವರ್ಷ ಎಲಿ ಬಿಹಾಮ್ ಎಂಬ ಗಣಿತಜ್ಞರು ಅದರ ಬಿರುಕುಗಳನ್ನು ತೋರಿಸಿದಾಗ ಝಿಮ್ಮರ್‌ಮನ್ ಹಟ ಹಿಡಿಯಲಿಲ್ಲ. 1992ರ ಆವೃತ್ತಿಯಲ್ಲಿ ತಮ್ಮದನ್ನು ಬಿಟ್ಟು, ಬೇರೆಯವರು ರಚಿಸಿ ತಜ್ಞರು ಪರೀಕ್ಷಿಸಿದ್ದ ವಿಧಾನವನ್ನು ಹಾಕಿಕೊಂಡರು. ಆಮೇಲೆ ಅವರ ಸರ್ಕಾರವೇ ಬೆನ್ನು ಹತ್ತಿತು. ಆಗ ಅಲ್ಲಿ ಬಲವಾದ ಗೂಢಲಿಪಿಯನ್ನು ದೇಶದಾಚೆ ಕಳುಹಿಸುವುದು ಮದ್ದುಗುಂಡು ಕಳುಹಿಸಿದಷ್ಟೇ ಅಪರಾಧವಾಗಿತ್ತು. 1993ರಲ್ಲಿ ಶುರುವಾದ ತನಿಖೆ 1996ರ ಜನವರಿಯಲ್ಲಿ ಮೊಕದ್ದಮೆಯಿಲ್ಲದೆ ಮುಗಿಯಿತು. ನಡುವೆ 1995ರಲ್ಲಿ ಅದರ ಅಷ್ಟೂ ಸಾಲುಗಳನ್ನು ಎಂಐಟಿ ಪ್ರೆಸ್ ಪುಸ್ತಕವಾಗಿ ಅಚ್ಚುಹಾಕಿತು. ಪುಸ್ತಕವನ್ನು ಮದ್ದುಗುಂಡು ಎನ್ನುವುದು ಸುಲಭವಲ್ಲವಲ್ಲ!

ಈಗ ಬಳಕೆಯಲ್ಲಿರುವ ಎಇಎಸ್ ಎಂಬ ವಿಧಾನ ಆಯ್ಕೆಯಾದ ಬಗೆಯೂ ತಿಳಿಯತಕ್ಕದ್ದು. 1997ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಬಹಿರಂಗ ಸ್ಪರ್ಧೆ ಕರೆಯಿತು. 15 ವಿಧಾನಗಳು ಕಣದಲ್ಲಿದ್ದವು. ಜಗತ್ತಿನ ತಜ್ಞರೆಲ್ಲ ಸೇರಿ ಅವನ್ನು ಮುರಿಯಲು ನೋಡಿದರು. ಕೊನೆಗೆ ಬೆಲ್ಜಿಯಂ ದೇಶದ ಇಬ್ಬರ ರಚನೆ 2000ದಲ್ಲಿ ಆಯ್ಕೆಯಾಗಿ 2001ರಲ್ಲಿ ಮಾನಕವಾಯಿತು. ಅದರ ಗುಟ್ಟೆಲ್ಲ ಬಹಿರಂಗ. ಎಲ್ಲರೆದುರು ಇಷ್ಟು ಪೆಟ್ಟು ತಿಂದು ನಿಂತಿರುವುದರಿಂದಲೇ ಅದನ್ನು ನಂಬುವುದು.

ಹಾಗಾದರೆ ಹವ್ಯಾಸಿಗಳು ಬೀಗ ಬರೆಯುವುದನ್ನೇ ಬಿಡಬೇಕೇ? ದೊಡ್ಡ ಕಂಪೆನಿಗಳಿಗೇ ಬಿಟ್ಟುಬಿಡಬೇಕೇ? ಖಂಡಿತ ಬೇಡ ಎನ್ನುವುದೇ ನನ್ನ ವಾದ. ನಾವು ಪಿಜಿಪಿಯ ಹೆಸರು ಕೇಳಿದ್ದು ಒಬ್ಬ ಮನುಷ್ಯನ ಹಟದಿಂದ. ರಷ್ಯಾದ ಇಗೊರ್ ಪಾವ್ಲೊವ್ 1999ರಲ್ಲಿ ಹೊರತಂದ ಸೆವೆನ್-ಜಿಪ್, ಜರ್ಮನಿಯ ಡೊಮಿನಿಕ್ ರೈಖ್ಲ್ 2003ರಲ್ಲಿ ಹೊರತಂದ ಪಾಸ್‌ವರ್ಡ್ ಪೆಟ್ಟಿಗೆ ಕೀಪಾಸ್, ಎರಡೂ ಉಚಿತ, ಎರಡರ ಒಳಸಾಲುಗಳೂ ಬಹಿರಂಗ. ಅಷ್ಟು ದೂರ ಯಾಕೆ, ಶೇಷಾದ್ರಿವಾಸು ಅವರು 1998ರಲ್ಲಿ 'ಬರಹ' ಮಾಡಿ ಬಿಡದಿದ್ದರೆ ನಾನು ಅಮ್ಮನಿಗೆ ಕನ್ನಡದಲ್ಲಿ ಕಾಗದ ಬರೆಯುತ್ತಿದ್ದುದಾದರೂ ಹೇಗೆ? ತನಗೆ ಬೇಕೆನಿಸಿದ್ದನ್ನು ತಾನೇ ಮಾಡಿ ನಾಲ್ವರಿಗೆ ಕೊಡುವ ಈ ಗುಣ ನಮ್ಮ ಹೆಂಗಸರಿಗೆ ಹೊಸದೇ? ಸಾರಿನ ಪುಡಿ ಮಾಡಿದರೆ ಒಂದು ಡಬ್ಬಿ ಪಕ್ಕದ ಮನೆಗೆ ಕೊಡುವುದಿಲ್ಲವೇ? ಹವ್ಯಾಸಿ ಬಿಡಬೇಕಾದ್ದು ಗೂಢಲಿಪಿಯನ್ನೇ ಹೊಸದಾಗಿ ಕಂಡುಹಿಡಿಯುವ ಚಪಲವನ್ನು. ಮೆಣಸಿನಕಾಯಿ ಬೆಳೆಯುವುದು ರೈತನ ಕೆಲಸ, ಪುಡಿಯ ಹದ ನಮ್ಮದು. ಪರೀಕ್ಷೆಯಾದ ವಿಧಾನವನ್ನು ತಂದು, ನಮ್ಮ ಮನೆಯವರಿಗೆ ಅರ್ಥವಾಗುವ ಕನ್ನಡದಲ್ಲಿ ಗುಂಡಿಗಳನ್ನಿಟ್ಟು, ಕರೆಂಟು ಹೋದರೂ ಕೆಡದ ಹಾಗೆ ಕಟ್ಟಿಕೊಡುವುದು ಏನು ಚಿಕ್ಕ ಕೆಲಸವೇ?

ನಾನು ಈಗ ಬಳಸುವುದು ಪೈಥಾನಿನಲ್ಲಿ ಬರೆದ ಪುಟ್ಟ ಪ್ರೋಗ್ರಾಮ್. ಗೂಢಲಿಪಿಯ ಕೆಲಸವೆಲ್ಲ ತಜ್ಞರು ಬರೆದ ಭಂಡಾರದ್ದು. ನನ್ನದು ಬರೀ ಹೊರಗಿನ ಪೆಟ್ಟಿಗೆ. ಅದು ಹಳೆಯ ಫೈಲನ್ನು ಮುಟ್ಟುವುದಿಲ್ಲ. ಹೊಸ ಫೈಲಿಗೆ ಬರೆದು, ಅದನ್ನು ಮತ್ತೆ ತೆರೆದು ಹಳೆಯದರೊಂದಿಗೆ ತಾಳೆ ನೋಡಿ, ಸರಿಯಿದ್ದರೆ ಮಾತ್ರ ಹಳೆಯದನ್ನು ತೆಗೆಯುತ್ತದೆ. ನಡುವೆ ಯಾರಾದರೂ ಫೈಲನ್ನು ಕದಲಿಸಿದರೆ ಒಡೆದ ಅರಗಿನ ಮೊಹರಿನ ಹಾಗೆ ಗೊತ್ತಾಗುತ್ತದೆ. ಆ ಚೀಟಿಯ ಒಂಬತ್ತು ರಾತ್ರಿಗಳು ಕಲಿಸಿದ್ದು ಇದು.

ಬರೆಯುವ ಗೋಜು ಬೇಡವೆನ್ನುವವರು ಸೆವೆನ್-ಜಿಪ್ಪನ್ನೇ ಬಳಸಿ. ಫೈಲನ್ನು ಅದರ 7ಜಡ್ ರೂಪದಲ್ಲಿ ಪಾಸ್‌ವರ್ಡ್ ಹಾಕಿ ಕಟ್ಟಿಡಿ. ಹಳೆಯ ಜಿಪ್ ರೂಪದ ಬೀಗ ಬೇಡ, ಅದನ್ನು ಮುರಿಯುವ ದಾರಿ 1994ರಲ್ಲಿಯೇ ಪ್ರಕಟವಾಗಿದೆ. 7ಜಡ್ ನಿಮ್ಮ ಪಾಸ್‌ವರ್ಡನ್ನು ಐದು ಲಕ್ಷಕ್ಕೂ ಹೆಚ್ಚು ಸುತ್ತು ರುಬ್ಬಿ ಅದರಿಂದ ಕೈ ತಯಾರಿಸುತ್ತದೆ. ಪಾಸ್‌ವರ್ಡ್ ಗೊತ್ತಿರುವ ನಿಮಗೆ ಅದು ಕ್ಷಣದ ಕೆಲಸ. ಗೊತ್ತಿಲ್ಲದೆ ಒಂದೊಂದೇ ಊಹಿಸುತ್ತಾ ಕೂತವನು ಪ್ರತಿ ಊಹೆಗೂ ಅಷ್ಟು ರುಬ್ಬಬೇಕು. ಆದರೆ ಮಗನ ಹೆಸರು, ಮದುವೆಯ ತಾರೀಖು ಇಟ್ಟರೆ ಎಷ್ಟು ರುಬ್ಬಿದರೂ ಉಪಯೋಗವಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಮಾತು ಹೆಣೆದು ಇಡಿ. ಅದನ್ನು ಮರೆತರೆ ಯಾವ ತಜ್ಞನೂ ತೆಗೆದುಕೊಡಲಾರ. ಆದ್ದರಿಂದ ಒಂದು ಹಾಳೆಯಲ್ಲಿ ಬರೆದು, ಲಕೋಟೆಯಲ್ಲಿಟ್ಟು ಅಂಟಿಸಿ, ಮೇಲೆ ಅಡ್ಡಲಾಗಿ ರುಜು ಹಾಕಿ ಬೀರುವಿನಲ್ಲಿಡಿ. ನಮ್ಮ ಕಾಲಾನಂತರ ತೆರೆಯಬೇಕಾದವರು ಯಾರೆಂಬುದನ್ನೂ ನೀವೇ ಬರೆಯಿರಿ. ಬೀಗ ಹಾಕುವ ಹಕ್ಕಿನ ಜೊತೆಗೆ ಕೈ ಯಾರಿಗೆ ಎನ್ನುವ ಹೊಣೆಯೂ ಇದೆ.

ಇಷ್ಟೆಲ್ಲ ಓದಿದ ಮೇಲೂ ನಿಮ್ಮಲ್ಲಿ ಕೆಲವರು, "ನಮ್ಮ ಮನೆಯವರು ಒಳ್ಳೆಯವರು, ನಮಗೇಕೆ?" ಎನ್ನಬಹುದು. ನನ್ನ ಮನೆಯವರೂ ಒಳ್ಳೆಯವರೇ. ನನ್ನ ಮೈದುನ ಇಂದಿಗೂ ನಾನು ಕಾಯಿಲೆ ಬಿದ್ದರೆ ಮೊದಲು ಓಡಿಬರುವವನು. ಕೆಟ್ಟವರ ಮನೆಯಲ್ಲಿ ಬೀಗವನ್ನು ಒಡೆಯುತ್ತಾರೆ. ಒಳ್ಳೆಯವರ ಮನೆಯಲ್ಲಿ ಬೀಗವಿದೆ ಎಂದು ಕಂಡರೆ ನಿಲ್ಲುತ್ತಾರೆ. ಇಲ್ಲಿ ನಿಲ್ಲಬೇಕು ಎಂದು ಒಳ್ಳೆಯವರಿಗೆ ತಿಳಿಸಬೇಕಾದವರು ನಾವಲ್ಲದೆ ಇನ್ಯಾರು?

ಕೋವಿಡ್ ಎರಡನೆಯ ಅಲೆಯಲ್ಲಿ ತಮ್ಮ ಆಪ್ತ ಗೆಳೆಯರೊಬ್ಬರು ಹೋದ ಮೇಲೆ, ನನ್ನವರು ಕೆಲವು ದಿನ ರಾತ್ರಿ ಹೊತ್ತು ಕಂಪ್ಯೂಟರಿನ ಮುಂದೆ ಕೂತು ಏನೋ ಬರೆಯುತ್ತಿದ್ದರು. ಒಂದು ದಿನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ನಂದೊಂದು ಫೈಲಿದೆ. ಅದಕ್ಕೂ ನಿನ್ನ ಬೀಗ ಹಾಕಿಕೊಡ್ತೀಯಾ?" ಎಂದರು. ಹೋಗಿ ಹಾಕಿಕೊಟ್ಟೆ. ಪಾಸ್‌ವರ್ಡ್ ಒತ್ತುವಾಗ ಬೇರೆ ಕಡೆ ತಿರುಗಿ ನಿಂತೆ. ಅವರ ಲಕೋಟೆಯೂ ಈಗ ಬೀರುವಿನಲ್ಲಿ ನನ್ನದರ ಪಕ್ಕದಲ್ಲಿದೆ.

ಅದರೊಳಗೆ ಏನಿದೆ ಎಂದು ನಾನು ಕೇಳಲಿಲ್ಲ.